ಸಂದಕ್‌ಫು ಏರಿನಲ್ಲಿ ಸರೋಜಕ್ಕನ ಏಕಾದಶಿ

ತುಳಸಿ ಹಬ್ಬ ಕಳೆದ ಹತ್ತು ದಿನಕ್ಕೆ, ನವೆಂಬರಿನ ಒಂದು ಬೆಳಗಿನ ಜಾವ, ಜಯನಗರದ ಮನೆಗೆ ಬೀಗ ಹಾಕಿ ನಾವಿಬ್ಬರೂ ವಿಮಾನ ನಿಲ್ದಾಣದ ದಾರಿ ಹಿಡಿದೆವು. ನಾವಿಬ್ಬರು ಎಂದರೆ ಅರವತ್ತೆಂಟರ ನಾನು ಮತ್ತು ಎಪ್ಪತ್ತೊಂದರ ನನ್ನ ವಾರಗಿತ್ತಿ ಸರೋಜಕ್ಕ. ನಮ್ಮ ಗಂಡಂದಿರು ಅಣ್ಣ ತಮ್ಮಂದಿರು. ಈಗ ಇಬ್ಬರೂ ಇಲ್ಲ. ಒಂದೇ ಮನೆಯ ಕೆಳಗೆ ಅವರು, ಮೇಲೆ ನಾನು. ಕಾಫಿ ಮಾತ್ರ ಎರಡು ಹೊತ್ತೂ ಕೆಳಗೇ.

ಬ್ಯಾಗುಗಳನ್ನು ಡಿಕ್ಕಿಗೆ ಹಾಕುತ್ತಿದ್ದ ಟ್ಯಾಕ್ಸಿಯವನು, "ಯಾತ್ರೆನಾ ಮೇಡಂ? ಕಾಶಿನಾ?" ಎಂದು ಕೇಳಿದ.

"ಅಲ್ಲಪ್ಪ, ಟ್ರೆಕ್ಕಿಂಗು," ಎಂದೆ.

ಅವನು ನನ್ನನ್ನೊಮ್ಮೆ ನೋಡಿದ. ಹುಟ್ಟಿದ್ದಕ್ಕೆ ಮೊದಲ ಸಲ ಸಲ್ವಾರ್ ತೊಟ್ಟು, ಅದರ ಮೇಲೆ ಸೆರಗಿನ ಹಾಗೆ ಶಾಲು ಹೊದ್ದು, ಬಿಳಿ ಸ್ಪೋರ್ಟ್ಸ್ ಶೂ ಹಾಕಿಕೊಂಡು ನಿಂತಿದ್ದ ಸರೋಜಕ್ಕನನ್ನೊಮ್ಮೆ ನೋಡಿದ. "ಸಖತ್ ಮೇಡಂ," ಎಂದು ಗಾಡಿ ಸ್ಟಾರ್ಟ್ ಮಾಡಿದ.

ನಾವು ಹೊರಟಿದ್ದು ಸಂದಕ್‌ಫುಗೆ. ಡಾರ್ಜಿಲಿಂಗಿನ ಪಶ್ಚಿಮಕ್ಕೆ ಸಿಂಗಲೀಲಾ ಎಂಬ ಬೆಟ್ಟದ ಸಾಲಿದೆ. ಅದರ ನೆತ್ತಿಯ ಮೇಲೇ ನೇಪಾಳದ ಗಡಿ ಹಾದುಹೋಗುತ್ತದೆ. ಪಶ್ಚಿಮ ಬಂಗಾಳದಲ್ಲೇ ಅತಿ ಎತ್ತರದ ಜಾಗ, ಆ ಸಾಲಿನ ಮೇಲಿರುವ ಸಂದಕ್‌ಫು. ಹನ್ನೆರಡು ಸಾವಿರ ಅಡಿಗೆ ಒಂಚೂರು ಕಡಿಮೆ. ಅಲ್ಲಿಂದ ಕಾಂಚನಜುಂಗಾ ಎದುರಿಗೇ ಕಾಣುತ್ತದೆ, ದೂರದಲ್ಲಿ ಎವರೆಸ್ಟೂ ಕಾಣುತ್ತದೆ. ಮೂರು ದಿನ ನಡೆದರೆ ತುದಿ. ನಡೆಯಲಾರದವರಿಗೆ ಹಳೆಯ ಕಾಲದ ಲ್ಯಾಂಡ್ ರೋವರ್ ಜೀಪುಗಳಿವೆ.

ಸ್ಕೂಲಿನ ಕಡೆಯ ವರ್ಷ ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳು ಮೇಲಿನ ಕ್ಲಾಸಿನವರನ್ನು ಡಾರ್ಜಿಲಿಂಗಿಗೆ ಕರೆದುಕೊಂಡು ಹೋಗಿದ್ದರು. ಆ ಬೆಟ್ಟದ ಸಾಲಿನ ಮೇಲೆ ಎರಡು ದಿನ ನಡೆಸಿಯೂ ಇದ್ದರು. ಅಪ್ಪ ನನ್ನನ್ನು ಕಳಿಸಲಿಲ್ಲ. ರೇಗಲೂ ಇಲ್ಲ, "ಅಷ್ಟು ದೂರ ಯಾಕಮ್ಮ, ನಂದಿ ಬೆಟ್ಟಕ್ಕೆ ಹೋಗೋಣ," ಎಂದರು. ಹೋದೆವು ಕೂಡ, ಕಾರಿನಲ್ಲಿ, ಚಕ್ಕುಲಿ ಡಬ್ಬಿ ಸಮೇತ. ವಾಪಸು ಬಂದ ಗೆಳತಿಯರು ಮೂಗಿನ ಮೇಲಿನ ಸಿಪ್ಪೆ ಕೀಳುತ್ತಾ, ಸನ್‌ಬರ್ನ್ ಎಂದು ಹೆಮ್ಮೆಯಿಂದ ತೋರಿಸುತ್ತಿದ್ದರು. ನನಗೆ ಆ ಮೂಗು ಬೇಕಾಗಿತ್ತು. ಸಿಲ್ಲಿ, ಐ ನೋ. ಆದರೆ ಮದುವೆ, ಕೆಲಸ, ಮಗಳು, ಅತ್ತೆಯ ಕಾಯಿಲೆ ಎಲ್ಲದರ ನಡುವೆಯೂ ಅದು ಹೋಗಲಿಲ್ಲ. ನನ್ನವರು "ಜೀಪಲ್ಲಿ ಹೋಗಿ ಬರೋಣ ಬಾ," ಎಂದು ಎಷ್ಟೋ ಸಲ ಕರೆದಿದ್ದರು. ನಾನೇ ಒಲ್ಲೆ ಎಂದೆ. ಜೀಪಿನಲ್ಲಿ ಹೋದರೆ ನೋಡಿದ ಹಾಗೆ, ನಡೆದು ಹೋದರೆ ಹೋದ ಹಾಗೆ. ನನಗೆ ಹೋಗಬೇಕಾಗಿತ್ತು.

ಜೆ.ಪಿ. ನಗರದಲ್ಲಿರುವ ನನ್ನ ಮಗಳು ಅನು ಒಂದು ಷರತ್ತು ಹಾಕಿ ಒಪ್ಪಿದ್ದಳು. "ಒಬ್ಬರನ್ನ ಬಿಟ್ಟು ಒಬ್ಬರು ಹೋಗೋ ಹಾಗಿಲ್ಲ. ದೊಡ್ಡಮ್ಮ ಜೀಪ್ ಹತ್ತಿದ್ರೆ ನೀನೂ ಹತ್ತಬೇಕು. ನೀನು ಹತ್ತಿದ್ರೆ ದೊಡ್ಡಮ್ಮನೂ. ಪ್ರಾಮಿಸ್ ಮಾಡು ಅಮ್ಮ." ಮಾಡಿದೆ. ನನ್ನ ಮಂಡಿಗಳ ಬಗ್ಗೆ ಚಿಂತೆಯಿತ್ತೇ ಹೊರತು ಸರೋಜಕ್ಕನ ಬಗ್ಗೆ ಇರಲೇ ಇಲ್ಲ. ಐದು ತಿಂಗಳು ಇಬ್ಬರೂ ಪುಟ್ಟೇನಹಳ್ಳಿ ಕೆರೆ ಸುತ್ತಿದ್ದೆವು, ಭಾನುವಾರ ತುರಹಳ್ಳಿ ಗುಡ್ಡ ಹತ್ತಿದ್ದೆವು. ಅನುವಿನ ಅಪಾರ್ಟ್‌ಮೆಂಟಿನ ಮೆಟ್ಟಿಲುಗಳನ್ನು ಬೆನ್ನಿನ ಚೀಲದಲ್ಲಿ ಐದು ಕೆ.ಜಿ. ಸೋನಾಮಸೂರಿ ಹೊತ್ತು ಹತ್ತಿ ಇಳಿದಿದ್ದೆವು. ಎಲ್ಲ ಕಡೆಯೂ ಮುಂದೆ ಅವರು, ಹಿಂದೆ ನಾನು.

ಬಾಗ್‌ಡೋಗ್ರಾದಲ್ಲಿ ಇಳಿದು, ನಾಲ್ಕು ಸಾವಿರ ರೂಪಾಯಿಗೆ ಕಾರು ಮಾಡಿಕೊಂಡು, ಚಹಾ ತೋಟಗಳ ನಡುವೆ ಸುತ್ತಿ ಸುತ್ತಿ ಸಂಜೆಗೆ ಮಾನೆಭಂಜಾಂಗ್ ಎಂಬ ಸಣ್ಣ ಊರು ಸೇರಿದೆವು. ನಡಿಗೆ ಅಲ್ಲಿಂದ ಶುರು. ಗೈಡ್ ಇಲ್ಲದೆ ಬಿಡುವುದಿಲ್ಲ. ನಮಗೆ ಸಿಕ್ಕವಳು ಪೆಮಾ, ನಲವತ್ತೈದರ ಗಟ್ಟಿ ಹೆಂಗಸು, ಕೆನ್ನೆ ಕೆಂಪಗೆ, ಮಾತು ಕಡಿಮೆ, ನಗು ಜಾಸ್ತಿ. ಅವಳ ಹಿಂದಿ ಮತ್ತು ನನ್ನ ಹಿಂದಿ ಎರಡೂ ಅಷ್ಟಕ್ಕಷ್ಟೇ ಆದ್ದರಿಂದ ಚೆನ್ನಾಗಿ ಹೊಂದಿಕೊಂಡವು. ಮೊದಲ ದಿನ ಟುಮ್ಲಿಂಗ್, ಎರಡನೆಯ ದಿನ ಕಾಲಿಪೋಖ್ರಿ. ನೆತ್ತಿಯ ಮೇಲೇ ದಾರಿ. ಬಲಗಾಲು ಭಾರತದಲ್ಲಿ, ಎಡಗಾಲು ನೇಪಾಳದಲ್ಲಿ. "ಪಾಸ್‌ಪೋರ್ಟ್ ಇಲ್ದೆ ಫಾರಿನ್ನು!" ಎಂದು ಸರೋಜಕ್ಕ ಮೈಲಿಗೊಂದು ಸಲ ನಗುತ್ತಿದ್ದರು.

ಕಾಲಿಪೋಖ್ರಿ ಎಂದರೆ ಕಪ್ಪು ಕೊಳ. ಮಂತ್ರ ಬರೆದ ಬಣ್ಣದ ಬಾವುಟಗಳ ನಡುವೆ ಕಪ್ಪು ಕನ್ನಡಿಯಂಥ ನೀರು. ಎಂಥ ಚಳಿಗೂ ಅದು ಹೆಪ್ಪುಗಟ್ಟುವುದಿಲ್ಲವಂತೆ. ನಮ್ಮ ಬಕೆಟ್ಟಿನ ನೀರು ಮಾತ್ರ ಹೆಪ್ಪುಗಟ್ಟಿತ್ತು. ಕೊಳದ ಪಕ್ಕದ ಮರದ ಮನೆಯಲ್ಲಿ ಉಳಿದೆವು. ಆ ರಾತ್ರಿ ಬಿಸಿ ಅನ್ನ, ಸೊಪ್ಪು, ಆಲೂಗಡ್ಡೆ ಪಲ್ಯ ಬಂತು. ಸರೋಜಕ್ಕ, "ಮಧ್ಯಾಹ್ನದ್ದೇ ಹೊಟ್ಟೇಲಿ ಕೂತಿದೆ ಕಣೇ," ಎಂದು ಮಲಗಿಬಿಟ್ಟರು. ಬೆಳಗ್ಗೆ ಎದ್ದಾಗ ಅವರು ಆಗಲೇ ಸ್ನಾನ ಮುಗಿಸಿ, ನಾವು ಒಯ್ದಿದ್ದ ಪುಟ್ಟ ಸ್ಟೀಲ್ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಸಿ, ನನ್ನ ಕೈಗೊಂದು ಲೋಟ ಕೊಟ್ಟರು. ತಮಗೆ ಬೆರೆಸಿಕೊಳ್ಳಲಿಲ್ಲ. ನಾನು ಗಮನಿಸಿದೆ, ಕೇಳಲಿಲ್ಲ. ಎತ್ತರದ ತಲೆನೋವು ಇರಬಹುದು ಎಂದುಕೊಂಡೆ. ಆ ಚಳಿಯಲ್ಲಿ ಕಾಫಿ ಮುಂದಿದ್ದರೆ ಬೇರೆಯವರ ಮೇಲೆ ಗಮನ ಇರುವುದಿಲ್ಲ, ಆನೆಸ್ಟ್ಲಿ.

ಆ ದಿನದ ದಾರಿ ಆರೇ ಕಿಲೋಮೀಟರು. ಮೊದಲ ಎರಡು ಸಲೀಸು. ಆಮೇಲೆ ಬಿಖೆಭಂಜಾಂಗ್ ಎಂಬ ನಾಲ್ಕು ಮನೆಯ ಕಣಿವೆ. ಅಲ್ಲಿ ಬೆಳೆಯುವ ವಿಷದ ಗಿಡದಿಂದ ಅದಕ್ಕೆ ಆ ಹೆಸರು. ಅಲ್ಲಿಂದ ತುದಿಯವರೆಗೆ ಏರೇ ಏರು. ಬಿಸಿಲು ಗಾಜಿನ ಹಾಗೆ ತೆಳ್ಳಗಿತ್ತು. ಕಣಿವೆಯ ಚಹಾ ಮನೆಯಲ್ಲಿ ಪೆಮಾ ಮೂರು ಲೋಟ ಚಹಾ ಹೇಳಿದಳು. ಸರೋಜಕ್ಕ ಲೋಟವನ್ನು ಮೆತ್ತಗೆ ನನ್ನ ಕಡೆ ಸರಿಸಿದರು.

ನಾನು ಅವರ ಮುಖ ನೋಡಿದೆ. ತುಟಿ ಒಣಗಿ ಬೆಳ್ಳಗಾಗಿತ್ತು. ನೀರಿನ ಬಾಟಲಿ ತೆಗೆದು ನೋಡಿದೆ, ಮುಚ್ಚಳವೇ ತೆರೆದಿರಲಿಲ್ಲ. ಆಗ ನನ್ನ ತಲೆಗೆ ಹೊಳೆಯಿತು.

"ಅಕ್ಕ, ಇವತ್ತು ಏಕಾದಶಿನಾ?"

"ಹೂಂ. ಈಗೇನು?"

"ಈಗೇನಾ! ನೀರೂ ಕುಡಿದಿಲ್ಲ ನೀವು!"

"ಯಾವ ಏಕಾದಶಿಗೆ ಕುಡಿದಿದೀನಿ? ನಲವತ್ನಾಲ್ಕು ವರ್ಷದಿಂದ ನೋಡ್ತಿದೀಯ, ಇವತ್ತು ಹೊಸದಾಗಿ ಕೇಳ್ತೀಯಲ್ಲ."

ಕೆಲವು ಮನೆಗಳಲ್ಲಿ ಏಕಾದಶಿ ಎಂದರೆ ಅವಲಕ್ಕಿ, ಹಣ್ಣು, ಹಾಲು. ನಮ್ಮ ಮನೆಯಲ್ಲಿ ಹಾಗಲ್ಲ. ಒಂದು ಹನಿ ನೀರೂ ಇಲ್ಲ. ಮೊದಲ ದಿನ ದಶಮಿಗೆ ಒಂದೇ ಹೊತ್ತು ಊಟ, ಮರುದಿನ ದ್ವಾದಶಿಯ ಬೆಳಗ್ಗೆ ಪಾರಣೆ. ನಾನು ಮದುವೆಯಾಗಿ ಬಂದ ಹೊಸತರಲ್ಲಿ ಎರಡು ಸಲ ಪ್ರಯತ್ನಪಟ್ಟು ತಲೆಸುತ್ತಿ ಬಿದ್ದ ಮೇಲೆ, "ಅವಳು ಕಾನ್ವೆಂಟು, ಬಿಡಿ," ಎಂದು ಅತ್ತೆಯೇ ವಿನಾಯಿತಿ ಕೊಟ್ಟಿದ್ದರು. ಸರೋಜಕ್ಕ ಒಂದನ್ನೂ ಬಿಟ್ಟವರಲ್ಲ.

"ನನಗೆ ಮೊದಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಟಿಕೆಟ್ಟು ಬದಲಾಯಿಸ್ತಿದ್ದೆ. ಆಮೇಲೆ ಚಳಿಗಾಲ ಅಂತಿದ್ದೆ, ಆಮೇಲೆ ಅನು ಬೇಡ ಅಂತಿದ್ಲು. ನಿನ್ನ ಬೆಟ್ಟ ಹಾಗೇ ಹೋಗ್ತಿತ್ತು. ಆರೇ ಕಿಲೋಮೀಟರ್ ಅಂದ್ಯಲ್ಲ, ಮನೆಯಿಂದ ಬನಶಂಕರಿ ದೇವಸ್ಥಾನಕ್ಕೆ ಹೋಗಿಬಂದಷ್ಟು, ಅದೇನು ಮಹಾ ಅಂದ್ಕೊಂಡೆ."

ನನಗೆ ಸಿಟ್ಟು ಬಂತು, ಅಳುವೂ ಬಂತು. ಪೆಮಾಗೆ ವಿಷಯ ಬಿಡಿಸಿ ಹೇಳಿದೆ. ಅವಳ ನಗು ನಿಂತಿತು. ಉಪವಾಸ ತನಗೂ ಗೊತ್ತು, ಆದರೆ ನೀರಿಲ್ಲದೆ ಈ ಏರು ಹತ್ತಿಸಿದ್ದು ಇಲ್ಲ ಎಂದಳು. ನಿಧಾನವಾಗಿ ನೋಡೋಣ, ಆಗದಿದ್ದರೆ ಜೀಪು ಎಂದಳು. ಜೀಪು ಎಂಬ ಶಬ್ದಕ್ಕೆ ಭಾಷಾಂತರ ಬೇಕಿರಲಿಲ್ಲ. ಸರೋಜಕ್ಕ ಕೋಲು ಹಿಡಿದು ಎದ್ದೇಬಿಟ್ಟರು.

ಏರು ನಿಜಕ್ಕೂ ಏರೇ. ಕೆಲವು ಕಡೆ ಕಾಂಕ್ರೀಟು, ಉಳಿದ ಕಡೆ ಬರೀ ದಪ್ಪ ಕಲ್ಲು. ಒಂದು ತಿರುವಿನ ನೆತ್ತಿಯ ಮೇಲೆ ಇನ್ನೊಂದು ತಿರುವು, ಅದರ ಮೇಲೆ ಮತ್ತೊಂದು. ಕತ್ತು ಎತ್ತಿ ನೋಡಿದರೆ ಮೇಲೆ ಹೋಗುತ್ತಿರುವ ಜೀಪು ಗೋಡೆಯ ಮೇಲಿನ ಹಲ್ಲಿಯ ಹಾಗೆ ಕಾಣುತ್ತಿತ್ತು. ಹತ್ತು ಹೆಜ್ಜೆ ಇಟ್ಟರೆ ಎದೆಯೊಳಗೆ ಒನಕೆ ಕುಟ್ಟಿದಂತೆ. ಮೂರನೆಯ ತಿರುವಿನಲ್ಲಿ ಸರೋಜಕ್ಕ ಒಂದು ಬಂಡೆಯ ಮಗ್ಗುಲಿಗೆ ಕೈ ಊರಿ, "ಮಾಲು, ಒಂಚೂರು ಇರು," ಎಂದು ಕೂತರು. ಕೂತವರು ಕಣ್ಣು ಮುಚ್ಚಿದರು. ಕೈ ಮುಟ್ಟಿದರೆ ಮಂಜುಗಡ್ಡೆ.

ಹಿಂದಿನಿಂದ ಬಂದ ಜೀಪು ತಾನಾಗಿಯೇ ನಿಂತಿತು. ಒಳಗೆ ಟೋಪಿ, ಮಫ್ಲರು, ನಾಲ್ಕು ಹೆಣ್ಣುಮಕ್ಕಳು. ನಾನು "ಅಕ್ಕ, ಏಳಿ ಅಕ್ಕ," ಎನ್ನುತ್ತಿದ್ದುದು ಕಿವಿಗೆ ಬಿದ್ದದ್ದೇ ಒಬ್ಬಳು ಕಿಟಕಿಯಿಂದ ಅರ್ಧ ಹೊರಗೆ ಬಂದಳು.

"ಆಂಟಿ, ಕನ್ನಡನಾ? ಅಯ್ಯೋ, ನಾವು ಬಿಟಿಎಂ ಲೇಔಟ್ ಆಂಟಿ! ಬನ್ನಿ, ಹತ್ತಿ, ಅಡ್ಜಸ್ಟ್ ಮಾಡ್ಕೋತೀವಿ."

ಜೀಪಿನ ಬಾಗಿಲ ಹಿಡಿಯ ಮೇಲೆ ನನ್ನ ಕೈ ಇತ್ತು. ಅದು ತಣ್ಣಗಿತ್ತು, ಹಸಿರು ಬಣ್ಣ ಸುಲಿದಿತ್ತು. ಅಷ್ಟೇ, ಮುಗಿಯಿತು ಎಂದುಕೊಂಡೆ. ಪ್ರಾಮಿಸ್ ಪ್ರಾಮಿಸೇ. ಅದಿಲ್ಲದಿದ್ದರೂ ಆ ಮುಖ ನೋಡಿಕೊಂಡು ಯಾರು ತಾನೆ ನಡೆದು ಹೋಗುತ್ತಾರೆ?

"ಅಕ್ಕ, ಹತ್ತಿ. ನಾನೂ ಬರ್ತೀನಿ."

"ನೀನು ಬರ್ಬೇಡ. ನೀನು ನಡಿ. ಈ ಮಕ್ಕಳ ಜೊತೆ ನಾನು ಹೋಗಿರ್ತೀನಿ."

"ಆಗಲ್ಲ. ಒಬ್ಬರು ಹತ್ತಿದ್ರೆ ಇಬ್ಬರೂ."

"ಹಾಗಾದ್ರೆ ನಾನೂ ಹತ್ತಲ್ಲ," ಎಂದರು ಸರೋಜಕ್ಕ ಕಣ್ಣು ತೆರೆಯದೆ. "ನನ್ನ ಉಪವಾಸದ ದೆಸೆಯಿಂದ ನೀನು ಗಾಡಿ ಹತ್ತಿದೆ ಅಂತ ಆಗೋದು ಬೇಡ. ನಿಮ್ಮ ಭಾವ ಇದ್ದಿದ್ರೆ ನನ್ನ ಮುಖಕ್ಕೆ ಉಗೀತಿದ್ರು."

"ನೀರು ಕುಡಿದ್ರೆ ಎಲ್ಲ ಸರಿಹೋಗತ್ತೆ!"

"ಅದೊಂದು ಬಿಟ್ಟು ಬೇರೆ ಮಾತಾಡು."

ಜೀಪಿನ ಹುಡುಗಿಯರು ಟೆನಿಸ್ ನೋಡುವವರ ಹಾಗೆ ಅವರ ಕಡೆಗೊಮ್ಮೆ ನನ್ನ ಕಡೆಗೊಮ್ಮೆ ತಿರುಗುತ್ತಿದ್ದರು. ಡ್ರೈವರು ಹಾರ್ನ್ ಒತ್ತಿದ. ಆಗ ನನಗೆ ನಮ್ಮ ಮನೆಯ ಹಜಾರದ ಫೋನು ನೆನಪಾಯಿತು. ಹದಿನೈದು ದಿನಕ್ಕೊಮ್ಮೆ ತಪ್ಪದೆ ಸರೋಜಕ್ಕ ಅದರ ಮುಂದೆ ನಿಂತು ಬನಶಂಕರಿಯಲ್ಲಿರುವ ತಮ್ಮನನ್ನು ಕೇಳುತ್ತಾರೆ: "ರಾಘು, ಏಕಾದಶಿ ಯಾವತ್ತೋ?" ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗಿರುವ ಏಕಾದಶಿಯೇ ಎಲ್ಲರಿಗೂ ಅಲ್ಲ. ಕೆಲವು ಸಲ ನಮ್ಮ ಮಠದ ಪಂಚಾಂಗದಲ್ಲಿ ಅದು ಮರುದಿನಕ್ಕೆ ಹೋಗುತ್ತದೆ. ಯಾಕೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ; ಆದರೆ ರಾಘಣ್ಣನ ಬಾಯಿಂದ ಬರದೆ ಅದು ಏಕಾದಶಿ ಅಲ್ಲ ಎಂಬುದಷ್ಟು ಗೊತ್ತಿತ್ತು.

"ಅಕ್ಕ, ರಾಘಣ್ಣನ್ನ ಕೇಳಿದ್ರಾ?"

ಅವರು ಕಣ್ಣು ಬಿಟ್ಟರು. "ಹೊರಡೋ ಗಡಿಬಿಡೀಲಿ ಎಲ್ಲಿ ಕೇಳೋದು? ಕ್ಯಾಲೆಂಡರಲ್ಲಿ ಇತ್ತಲ್ಲ."

"ಯಾವ ಕ್ಯಾಲೆಂಡರು?"

"ಅದೇ, ಬೆಳ್ಳಿ ಅಂಗಡಿಯವರು ಕೊಟ್ಟಿದ್ದು." ಹೇಳುವಾಗಲೇ ಅವರ ದನಿ ಸ್ವಲ್ಪ ಅಳುಕಿತು.

ನನ್ನ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಪೆಮಾ ಮೇಲೆ ಕೈ ತೋರಿಸಿದಳು: ನಾಲ್ಕು ತಿರುವು ಮೇಲೆ, ಹರಿದ ಬಾವುಟಗಳ ಕಂಬದ ಹತ್ತಿರ, ಒಂದು ಕಡ್ಡಿ ಸಿಗುತ್ತದೆ. ಮಧ್ಯಾಹ್ನ ಸಾಮಾನಿನ ಜೀಪೊಂದು ಬರುತ್ತದೆ, ಅಲ್ಲಿಯವರೆಗೆ ತಾನು ಇವರನ್ನು ನೋಡಿಕೊಳ್ಳುತ್ತೇನೆ, ಅಷ್ಟರೊಳಗೆ ತೀರ್ಮಾನ ಆಗದಿದ್ದರೆ ಇಬ್ಬರನ್ನೂ ಹೊತ್ತಾದರೂ ಅದರಲ್ಲಿ ಹಾಕುತ್ತೇನೆ ಎಂದಳು. ಅವಳಿಗೆ ರಾಘಣ್ಣನ ಕನ್ನಡ ಬಾರದು, ನನಗೆ ಇಂಥ ಎತ್ತರದಲ್ಲಿ ಕುಸಿದವರನ್ನು ನೋಡಿಕೊಳ್ಳಲು ಬಾರದು. ಹುಡುಗಿಯರಿಗೆ ಥ್ಯಾಂಕ್ಸ್ ಹೇಳಿ ಜೀಪು ಕಳಿಸಿದೆ. ಫೋನ್ ಮಾಡಲಾದರೂ ಅದರಲ್ಲೇ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ನನಗೆ ಆಮೇಲೆ ಹೊಳೆಯಿತು. ಹೊಳೆದಿದ್ದರೂ ಹತ್ತುತ್ತಿರಲಿಲ್ಲ.

ಆ ನಾಲ್ಕು ತಿರುವನ್ನು ನಾನು ಒಬ್ಬಳೇ ಹತ್ತಿದೆ. ಗಾಳಿ ನೇಪಾಳದ ಕಡೆಯಿಂದ ಬಂದು ಕೆನ್ನೆಗೆ ಹೊಡೆಯುತ್ತಿತ್ತು. ಮೊದಲ ತಿರುವಿನಲ್ಲಿ ಮಂಡಿ ಬೇಡಿಕೊಂಡಿತು. ಎರಡನೆಯದರಲ್ಲಿ ಬಯ್ಯಿತು. ಮೂರನೆಯದರಲ್ಲಿ ಅದರ ಮಾತೇ ಕೇಳಿಸಲಿಲ್ಲ, ಕಿವಿಯ ತುಂಬ ನನ್ನದೇ ಉಸಿರು. ಸಿಗ್ನಲ್ ಸಿಗದೆ ಹೋದರೆ? ಸಿಕ್ಕಿ, ಇವತ್ತೇ ಏಕಾದಶಿ ಎಂದು ಬಿಟ್ಟರೆ? ಸುಳ್ಳು ಹೇಳಿಬಿಡುತ್ತೇನೆ ಎಂದುಕೊಂಡೆ. "ರಾಘಣ್ಣ ನಾಳೆ ಅಂದ್ರು," ಎಂದು ನೇರವಾಗಿ ಹೇಳುವುದು, ಬಾಟಲಿ ಬಾಯಿಗೆ ಇಡುವುದು. ಸಿಸ್ಟರ್‌ಗಳು ಏನಾದರೂ ಅಂದುಕೊಳ್ಳಲಿ, ಮಂತ್ರಾಲಯದ ರಾಯರು ಏನಾದರೂ ಅಂದುಕೊಳ್ಳಲಿ. ಬೆಟ್ಟಕ್ಕಾಗಿ ಅಲ್ಲ ಆಗ. ಆ ತಣ್ಣನೆಯ ಕೈ ಕಣ್ಣಮುಂದೆ ಇತ್ತು.

ಬಾವುಟದ ಕಂಬ ತಬ್ಬಿಕೊಂಡು ನಿಂತೆ. ಒಂದು ಕಡ್ಡಿ ಬಂತು, ಹೋಯಿತು, ಬಂತು. ರಿಂಗಾಯಿತು. ಎತ್ತಿದವರು ರಾಘಣ್ಣನ ಹೆಂಡತಿ ಪದ್ಮ. ಹಿಂದೆ ಕುಕ್ಕರು ಕೂಗುತ್ತಿತ್ತು.

"ಮಾಲತೀನಾ! ಏನ್ರೀ, ತುದಿ ಮುಟ್ಟಿದ್ರಾ? ತುಂಬಾ ಚಳಿನಾ? ಇಲ್ಲಿ ನಮ್ಮ ರೋಡಿಗೆ ಮೂರು ದಿನದಿಂದ ಕಾವೇರಿ ನೀರಿಲ್ಲ—"

"ಪದ್ಮ, ಕಟ್ ಆಗತ್ತೆ, ಬೇಗ ಹೇಳಿ. ಏಕಾದಶಿ ಇವತ್ತಾ ನಾಳೇನಾ?"

"ಅವರು ಪೂಜೆಗೆ ಕೂತಿದಾರೆ ಕಣ್ರೀ, ಮಧ್ಯ ಮಾತಾಡಲ್ಲ. ಆಮೇಲೆ ಮಾಡಿಸ್ಲಾ?"

"ಆಮೇಲೆ ಇಲ್ಲ ಪದ್ಮ! ಅಕ್ಕ ನೀರಿಲ್ಲದೆ ರಸ್ತೇಲಿ ಕೂತಿದಾರೆ!"

ಮುಂದೆ ಕೇಳಿದ್ದು ಚಪ್ಪಲಿ ಇಲ್ಲದ ಪಾದಗಳ ಓಟ, ಆಮೇಲೆ ಗಂಟೆ ಕೆಳಗಿಟ್ಟ ಸದ್ದು, ಆಮೇಲೆ ಮಂತ್ರವನ್ನು ಅರ್ಧಕ್ಕೆ ನಿಲ್ಲಿಸಿದ ರಾಘಣ್ಣನ ಗುಡುಗು. "ಯಾರ್ರೀ ಹೇಳಿದ್ದು ಇವತ್ತು ಅಂತ? ಇವತ್ತು ಅರುಣೋದಯಕ್ಕೆ ದಶಮಿ ವೇಧ ಇದೆ. ಏಕಾದಶಿ ನಾಳೆ. ಇವತ್ತು ಬರೀ ದಶಮಿ, ಒಪ್ಪತ್ತು ಊಟ ಇದೆ. ಊಟ ಬಿಟ್ರೇ ತಪ್ಪು ಅಂತ ಅಕ್ಕಂಗೆ ನಾನು ಹೇಳ್ದೆ ಅಂತ ಹೇಳಿ. ಬೆಳ್ಳಿ ಅಂಗಡಿ ಕ್ಯಾಲೆಂಡರ್ ನೋಡಿ ಉಪವಾಸ ಮಾಡ್ತಾರಾ—" ಅಲ್ಲಿಗೆ ಕಡ್ಡಿ ಹೋಯಿತು.

ನಾನು ಕಂಬಕ್ಕೆ ಹಣೆ ಒತ್ತಿ ನಕ್ಕೆ. ನಗುವುದಕ್ಕೂ ಆ ಎತ್ತರದಲ್ಲಿ ಉಸಿರು ಸಾಲದು. ಮೇಲೆ ನೋಡಿದರೆ ಸಂದಕ್‌ಫುವಿನ ತಗಡಿನ ಮಾಡುಗಳು ಹೊಳೆಯುತ್ತಿದ್ದವು. ಅಷ್ಟು ಹತ್ತಿರ ಬಂದಿದ್ದೆ. ತಿರುಗಿ ಇಳಿಯಲು ಶುರುಮಾಡಿದೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ಹಾಗೆ ಬಿಟ್ಟುಕೊಡುವುದಿದೆಯಲ್ಲ, ಅದು ಏರಿಗಿಂತ ಹಿಂಸೆ. ಒಂದೊಂದು ತಿರುವಿಗೂ ಇದನ್ನು ಮತ್ತೆ ಹತ್ತಬೇಕು, ಇದನ್ನೂ ಮತ್ತೆ ಹತ್ತಬೇಕು ಎಂದು ಕಾಲು ಲೆಕ್ಕ ಒಪ್ಪಿಸುತ್ತಿತ್ತು.

ಬಂಡೆಯ ಮರೆಯಲ್ಲಿ ಪೆಮಾ ಸರೋಜಕ್ಕನಿಗೆ ಕಂಬಳಿ ಸುತ್ತಿ, ಅವರ ಎರಡೂ ಅಂಗೈ ತಿಕ್ಕುತ್ತಾ ಕೂತಿದ್ದಳು. ನಾನು ಏದುಸಿರು ಬಿಡುತ್ತಾ, "ನಾಳೆ ಅಂತೆ ಅಕ್ಕ. ಏಕಾದಶಿ ನಾಳೆ," ಎಂದೆ.

ಸರೋಜಕ್ಕ ನನ್ನನ್ನೇ ದಿಟ್ಟಿಸಿದರು. "ಮಾಲು, ಸುಳ್ಳು ಹೇಳ್ಬೇಡ. ಫೋನ್ ಸಿಕ್ಕಿರಲ್ಲ. ನನಗೆ ನೀರು ಕುಡಿಸೋಕೆ ನೀನು ಏನು ಬೇಕಾದ್ರೂ ಹೇಳ್ತೀಯ."

ಹೇಳುತ್ತಿದ್ದೆ ಎಂಬುದು ನನಗೂ ಗೊತ್ತಿತ್ತು. ರಾಘಣ್ಣನ ಮಾತನ್ನು, ಸ್ಕೂಲಿನಲ್ಲಿ ಪದ್ಯ ಒಪ್ಪಿಸಿದ ಹಾಗೆ, ನೆಟ್ಟಗೆ ನಿಂತು ಒಪ್ಪಿಸಿದೆ. "ಇವತ್ತು ಅರುಣೋದಯಕ್ಕೆ ದಶಮಿ ವೇಧ ಇದೆ. ಇವತ್ತು ಬರೀ ದಶಮಿ, ಒಪ್ಪತ್ತು ಊಟ ಇದೆ. ಊಟ ಬಿಟ್ರೇ ತಪ್ಪು."

"ಏನಂದೆ? ವೇಧ?"

"ವೇಧ. ಅರುಣೋದಯಕ್ಕೆ. ಹಾಗಂದ್ರೆ ಏನು ಅಂತ ನನ್ನ ಕೇಳ್ಬೇಡಿ."

ಸರೋಜಕ್ಕನ ಮುಖ ನಿಧಾನವಾಗಿ ಬಿಚ್ಚಿಕೊಂಡಿತು. "ಈ ಮಾತು ನಿನ್ನ ಕಾನ್ವೆಂಟಲ್ಲಿ ಹೇಳಿಕೊಟ್ಟಿರೋಕೆ ಸಾಧ್ಯವೇ ಇಲ್ಲ," ಎಂದರು. "ಕೊಡು ಆ ಬಾಟಲಿ."

ಅವರು ಗುಟುಕು ಗುಟುಕಾಗಿ ನೀರು ಕುಡಿಯುವುದನ್ನು ನಾನೂ ಪೆಮಾಳೂ ಹಸುಗೂಸಿಗೆ ಹಾಲು ಕುಡಿಸುವವರ ಹಾಗೆ ನೋಡುತ್ತಾ ಕೂತೆವು. ಆಮೇಲೆ ಗೊಜ್ಜವಲಕ್ಕಿಯ ಡಬ್ಬಿ ತೆಗೆದೆ. ಬೆಂಗಳೂರಿನಿಂದ ಪುಡಿ ಮಾಡಿ ತಂದದ್ದು, ಪೆಮಾಳ ಫ್ಲಾಸ್ಕಿನ ಬಿಸಿನೀರಿನಲ್ಲಿ ನೆನೆಸಿದೆ. ಅಷ್ಟು ಹಸಿದಿದ್ದರೂ ಸರೋಜಕ್ಕ ಒಗ್ಗರಣೆಯ ಕಡಲೆಬೇಳೆಯನ್ನು ಒಂದೊಂದಾಗಿ ಆರಿಸಿ ಬದಿಗಿಟ್ಟರು.

"ಅದ್ಯಾಕೆ ಅಕ್ಕ?"

"ದಶಮಿಗೆ ಬೇಳೆ ತಿನ್ನಲ್ಲ ಕಣೇ."

ಆರಿಸಿಟ್ಟ ಬೇಳೆಯನ್ನೆಲ್ಲ ಪೆಮಾ ಕೇಳಿ ಇಸಿದುಕೊಂಡು ತಿಂದಳು. ಸರೋಜಕ್ಕ ಡಬ್ಬಿಯ ತಳ ಕೆರೆದು, ಎದ್ದು ನಿಂತು, ಶಾಲು ಸೊಂಟಕ್ಕೆ ಬಿಗಿದರು. "ಒಂದೇ ಏಕಾದಶಿಗೆ ಎರಡು ದಶಮಿ ಮಾಡಿದೋಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರ್ಬೇಕು. ನಡಿ."

ಸಾಮಾನಿನ ಜೀಪು ಗೋಣಿಚೀಲ ಹೊತ್ತು ನಮ್ಮನ್ನು ದಾಟಿ ಹೋಯಿತು. ಡ್ರೈವರು ವೇಗ ತಗ್ಗಿಸಿ ಪೆಮಾಳ ಕಡೆ ನೋಡಿದ. ಪೆಮಾ ಬೇಡ ಎಂದು ಕೈಯಾಡಿಸಿದಳು. ಆ ಕೈಯಾಡಿಸಿದ್ದನ್ನು ನೋಡಿ ನನಗಾದ ಸಂತೋಷ ಹೇಳತೀರದು. ಈ ಸಲ ಮುಂದೆ ಸರೋಜಕ್ಕ ಇರಲಿಲ್ಲ, ನಾನೂ ಇರಲಿಲ್ಲ. ದಾರಿ ಅಗಲವಿದ್ದಲ್ಲಿ ಪಕ್ಕಪಕ್ಕ, ಇಕ್ಕಟ್ಟಿದ್ದಲ್ಲಿ ಕೈಹಿಡಿದು. ಬಾವುಟದ ಕಂಬದ ಹತ್ತಿರ ಮೋಡ ಇಳಿಯಿತು. ಮುಂದಿನದೆಲ್ಲ ಬಿಳಿ. ಕಾಲ ಕೆಳಗಿನ ಕಲ್ಲು, ಮುಂದೆ ಪೆಮಾಳ ಕೆಂಪು ಚೀಲ, ಇನ್ನೇನೂ ಇಲ್ಲ. ಸರೋಜಕ್ಕ ಹೆಜ್ಜೆಗೊಂದು ನಾಮ ಹೇಳುತ್ತಿದ್ದರು. ನನಗೆ ಕಾನ್ವೆಂಟಿನಲ್ಲಿ ಕಲಿತ ಹೇಲ್ ಮೇರಿ ಪ್ರಾರ್ಥನೆಯೇ ಬಾಯಿಗೆ ಬರುತ್ತಿತ್ತು. ಎರಡೂ ಒಂದೇ ತಾಳಕ್ಕೆ ಬಂದವು. ಕಡೆಯ ಏರಿನಲ್ಲಿ ನಾನು ಅತ್ತೆ. ದಣಿವಿಗೆ ಅತ್ತದ್ದು, ಬೇರೇನೂ ಇಲ್ಲ. ಆದರೂ ಅಳುತ್ತಾ ಹತ್ತಿದ್ದು ಹತ್ತಿದ್ದೇ.

ಬಿಳಿಯೊಳಗಿಂದ ಮೊದಲು ಸೀಮೆಎಣ್ಣೆಯ ವಾಸನೆ ಬಂತು, ಆಮೇಲೆ ನಾಯಿಯ ಬೊಗಳು, ಆಮೇಲೆ ಒಂದು ಬಾಗಿಲು. ಬಾಗಿಲಲ್ಲಿ ಮ್ಯಾಗಿ ಬಟ್ಟಲು ಹಿಡಿದ ಬಿಟಿಎಂ ಲೇಔಟಿನ ಹುಡುಗಿ.

"ಆಂಟಿ! ಯಾವ ಜೀಪು ಸಿಕ್ತು?"

ನಾನು ಬಾಯಿ ತೆರೆಯುವ ಮೊದಲೇ ಸರೋಜಕ್ಕ, "ಜೀಪ್ಯಾಕಮ್ಮ? ಕಾಲಿಲ್ವಾ?" ಎಂದರು. ಐದು ಗಂಟೆಯ ಹಿಂದೆ ಬಂಡೆಗೆ ಒರಗಿ ಕಣ್ಣುಮುಚ್ಚಿದ್ದವರು!

"ಮಗಾ, ಬಾರೇ ಇಲ್ಲಿ, ಇವ್ರು ನಡ್ಕೊಂಡೇ ಬಂದಿದಾರೆ ಕಣೇ!" ಎಂದು ಅವಳು ಒಳಗೆ ಕೂಗಿದಳು. ನಾಲ್ವರೂ ಓಡಿ ಬಂದು ನಮ್ಮ ಚೀಲ ಇಳಿಸಿದರು, ಶೂ ಬಿಚ್ಚಿದರು, ಒಲೆಯ ಹತ್ತಿರದ ಬೆಂಚು ಬಿಟ್ಟುಕೊಟ್ಟರು. ಒಬ್ಬಳು ನನ್ನ ಪಾದ ತನ್ನ ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಾ, "ಲೆಜೆಂಡ್ ಗುರು ನೀವು," ಎಂದಳು. ಜೀವಮಾನದಲ್ಲಿ ನನ್ನನ್ನು ಯಾರೂ ಗುರು ಎಂದಿರಲಿಲ್ಲ. ನಾನು ತಡೆಯಲಿಲ್ಲ, ಒಪ್ಪಿಕೊಂಡುಬಿಟ್ಟೆ.

ಮರುದಿನ ಬೆಳಗಾಗುವ ಮೊದಲೇ ಎದ್ದು ಹೊರಗೆ ಬಂದೆವು. ಮೋಡವೆಲ್ಲ ಕೆಳಗೆ, ಕಣಿವೆಯಲ್ಲಿ. ಅದರ ಮೇಲೆ, ಎದುರಿಗೆ, ಮಲಗಿದ ಮನುಷ್ಯನ ಆಕಾರದಲ್ಲಿ ಕಾಂಚನಜುಂಗಾದ ಸಾಲು. ಇಲ್ಲಿಯವರು ಅದನ್ನು ಮಲಗಿದ ಬುದ್ಧ ಎನ್ನುತ್ತಾರೆ. ಮೊದಲು ಹಣೆಗೆ ಬಿಸಿಲು ಬಿತ್ತು, ಆಮೇಲೆ ಎದೆಗೆ, ಹೊಟ್ಟೆಗೆ. ದೂರದಲ್ಲಿ ಎವರೆಸ್ಟು, ಸುತ್ತಲಿನವುಗಳಿಗಿಂತ ಗಿಡ್ಡವಾಗಿ, ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲಿಗೆ ನಿಂತ ಹಾಗೆ. "ನಮ್ಮ ದೇವರೂ ಮಲಗಿರೋದು ಹೀಗೇ ಅಲ್ವೇನೇ," ಎಂದು ಸರೋಜಕ್ಕ ಅಲ್ಲೇ ನಿಂತು ಕೈ ಮುಗಿದರು. ಅವರ ಅಸಲಿ ಏಕಾದಶಿ ಆವತ್ತು. ನಡಿಗೆ ಇಲ್ಲದ ದಿನ. ಅವರು ನೀರು ಮುಟ್ಟಲಿಲ್ಲ. ನಾನು ಚಕಾರ ಎತ್ತಲಿಲ್ಲ. ಇಡೀ ದಿನ ಬಿಸಿಲಿನಲ್ಲಿ ಕಂಬಳಿ ಹೊದ್ದು ಕೂತು ಬೆಟ್ಟ ನೋಡಿದೆವು. ಸಂಜೆಗೆ ಕನ್ನಡಿ ನೋಡಿಕೊಂಡರೆ ನನ್ನ ಮೂಗು ಕೆಂಪಗೆ ಸುಟ್ಟಿತ್ತು.

ದ್ವಾದಶಿಯ ಬೆಳಗ್ಗೆ ಪೆಮಾ ತಾನೇ ಎದ್ದು ಬಿಸಿ ಅನ್ನ ಮಾಡಿಸಿ ತಂದಳು. ಪಾರಣೆ ಮುಗಿಯಿತು. ಇಳಿಯಲು ನಾವು ಜೀಪು ಹೇಳಿದ್ದೆವು, ಇಬ್ಬರೂ ಸೇರಿಯೇ. ಹತ್ತುವುದಕ್ಕೆ ಹಟ ಇತ್ತು, ಇಳಿಯುವುದಕ್ಕೆ ಅದರ ಅಗತ್ಯವಿರಲಿಲ್ಲ. ಲ್ಯಾಂಡ್ ರೋವರ್ ಮೂಗು ಕೆಳಗೆ ಮಾಡಿದ ಕೂಡಲೇ ನಾವಿಬ್ಬರೂ ಕಂಬಿ ಹಿಡಿದು ಕಿರುಚಿದೆವು. ಒಂದೊಂದು ತಿರುವಿಗೂ ಚಕ್ರದ ಪಕ್ಕದಲ್ಲೇ ಪಾತಾಳ. ಬಿಖೆಭಂಜಾಂಗಿನ ಸಮತಟ್ಟಿಗೆ ಬಂದ ಮೇಲೆ ಸರೋಜಕ್ಕ ಕಣ್ಣು ತೆರೆದು, ಹಿಂದಿನ ಗಾಜಿನಲ್ಲಿ ಆ ಏರನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದರು.

"ಇಷ್ಟು ಕಡಿದಾಗಿತ್ತೇನೇ ಇದು? ಹತ್ತೋವಾಗ ನನಗೆ ಕಾಣಿಸ್ಲೇ ಇಲ್ವಲ್ಲ."

ನಾನೂ ತಿರುಗಿ ನೋಡಿದೆ. ತುದಿಯಲ್ಲಿ ತಗಡಿನ ಮಾಡುಗಳು, ಅವುಗಳಿಂದ ಕೆಳಗೆ ತಿರುವಿನ ಮೇಲೆ ತಿರುವು.

"ನನಗೆ ಕಾಣಿಸ್ತು ಅಕ್ಕ," ಎಂದೆ. "ಎರಡು ಸಲ."